ಹಳೆಯ ಪಿಕಪ್‌ನ ಮುರಿದ ಹಿಂದಿನ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಮನೆಯಲ್ಲೇ ಬದಲಿಸಬಹುದೇ?

ಬದಲಿಸಬಹುದು, ಆದರೆ ತುಕ್ಕು ಹಿಡಿದ ಬೋಲ್ಟ್‌ಗಳು ತಾಳ್ಮೆ ಕೆಡಿಸುತ್ತವೆ. ಹಿಂದಿನ ದಿನವೇ ಅವುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಹಾಕಿಡಿ. ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಚಾಸಿಯನ್ನು ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಆಕ್ಸಲ್‌ಗೆ (ಹಿಂದಿನ ಚಕ್ರಗಳ ಅಚ್ಚಿಗೆ) ಬೇರೆ ಜಾಕ್ ಕೊಡಿ. ಬರೀ ಜಾಕ್ ನಂಬಿ ಕೆಳಗೆ ನುಸುಳುವುದು ಹುಚ್ಚುತನ. ಮೊದಲು ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿದಿರುವ ಯು ಬೋಲ್ಟ್, ಆಮೇಲೆ ಸ್ಪ್ರಿಂಗ್‌ನ ಎರಡೂ ತುದಿಯ ಬೋಲ್ಟ್ ಬಿಚ್ಚಿ. ತುದಿಯೊಳಗಿನ ಬುಷ್‌ಗೆ (ಬೋಲ್ಟ್ ಕೂರುವ ರಬ್ಬರ್ ಕೊಳವೆಗೆ) ಅಂಟಿಕೊಂಡ ಬೋಲ್ಟನ್ನು ಕತ್ತರಿಸಬೇಕಾದೀತು. ಇಂಧನ ಟ್ಯಾಂಕ್ ಹತ್ತಿರವಿದ್ದರೆ ಬೆಂಕಿ, ಕಿಡಿ ಎರಡೂ ಬೇಡ.

ಹೊಸ ಸ್ಪ್ರಿಂಗ್‌ನ ಪಟ್ಟಿಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್‌ನ ತಲೆ ಆಕ್ಸಲ್‌ನ ರಂಧ್ರದಲ್ಲಿ ಸರಿಯಾಗಿ ಕೂರಬೇಕು. ಯು ಬೋಲ್ಟ್‌ಗಳೂ ಹೊಸವೇ ಇರಲಿ. ಹಳೆಯವು ಒಮ್ಮೆ ಬಿಗಿದು ಹಿಗ್ಗಿದಂಥವು. ತುದಿಯ ಬೋಲ್ಟ್‌ಗಳನ್ನು ಗಾಡಿಯ ಭಾರ ಚಕ್ರದ ಮೇಲೆ ಬಂದ ನಂತರವೇ ಪೂರ್ತಿ ಬಿಗಿಯಿರಿ, ಇಲ್ಲವಾದರೆ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಒಂದೇ ಬದಿ ಬದಲಿಸಿದರೆ ಗಾಡಿ ವಾಲಬಹುದು, ಜೋಡಿಯಾಗಿಯೇ ಹಾಕಿ.