ಹರಾಜು ಕೂಗುವವರಾಗಲು ತರಬೇತಿ ಶಾಲೆಗೆ ಹೋಗಲೇಬೇಕೇ? ಅಲ್ಲಿ ಏನು ಕಲಿಸುತ್ತಾರೆ?

ಅಮೆರಿಕದಲ್ಲಾದರೆ ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್‌ನಂಥ ಕಡೆ ಪರವಾನಗಿ ಬೇಕು, ಅದಕ್ಕೆ ತರಬೇತಿಯೂ ಬೇಕು. ಕೆಲವು ರಾಜ್ಯಗಳು ಪರವಾನಗಿಯನ್ನೇ ಕೇಳುವುದಿಲ್ಲ. ಆದರೂ ಹೋಗಿ ಎಂದೇ ಹೇಳುತ್ತೇನೆ.

ಮಿಸೌರಿ ಹರಾಜು ಶಾಲೆ 1905ರಿಂದ ಇದೆ, ಅಯೋವದ ವರ್ಲ್ಡ್ ವೈಡ್ ಹರಾಜು ಕಾಲೇಜು 1933ರಿಂದ. ಕೋರ್ಸು ಸಾಮಾನ್ಯವಾಗಿ ಒಂದೆರಡು ವಾರದ್ದು, ಆದರೆ ಬೆಳಗಿನಿಂದ ಸಂಜೆವರೆಗೂ ಬಾಯಿಗೆ ಕೆಲಸ. ಎರಡೂವರೆ, ಐದು, ಏಳೂವರೆ, ಹತ್ತು ಎಂದು ಏರಿಸುತ್ತಾ ಹೋಗಬೇಕು, ಅದೇ ಲಯದಲ್ಲಿ ಇಳಿಸುತ್ತಾ ಬರಬೇಕು. ನಾಲಿಗೆ ತೊಡರುವ ವಾಕ್ಯಗಳನ್ನು ನೂರಾರು ಸಲ ಹೇಳಿಸುತ್ತಾರೆ. ಕೂಗಿನಲ್ಲಿ ಎರಡೇ ಅಂಕಿ ಮುಖ್ಯ: ಕೈಯಲ್ಲಿರುವ ಬೆಲೆ (ಈಗಾಗಲೇ ಯಾರೋ ಕೂಗಿದ್ದು), ಈಗ ಕೇಳುತ್ತಿರುವ ಮುಂದಿನ ಬೆಲೆ. ಅಂಕಿಗಳ ನಡುವೆ ಲಯಕ್ಕಾಗಿ ಸೇರಿಸುವ ತುಂಬುಪದಗಳು ಬಿಡ್ ಮಾಡುವವರಿಗೆ ಯೋಚಿಸಲು ಒಂದು ಕ್ಷಣ ಕೊಡುತ್ತವೆ. ಅಂಕಿ ಸ್ಪಷ್ಟವಾಗಿ ಕೇಳಿಸದಿದ್ದರೆ ಎಷ್ಟು ವೇಗವಿದ್ದರೂ ವ್ಯರ್ಥ, ಹೊಸಬರು ಎಡವುವುದು ಇಲ್ಲೇ.

ಕರಾರು ಕಾನೂನು, ಮೀಸಲು ಬೆಲೆ (ಮಾರುವವರು ಒಪ್ಪುವ ಕನಿಷ್ಠ ಬೆಲೆ), ಸರಕಿನ ಮೌಲ್ಯ ಅಂದಾಜು, ಜಾಹೀರಾತು ಇವೂ ಪಾಠದಲ್ಲಿರುತ್ತವೆ. ಮುಗಿಸಿದ ಕೂಡಲೇ ವೇದಿಕೆ ಸಿಗುತ್ತದೆಂದು ನಂಬಬೇಡಿ. ಮೊದಲು ಯಾವುದಾದರೂ ವಾರದ ಹರಾಜಿನಲ್ಲಿ ಜನರ ನಡುವೆ ನಿಂತು ಬಿಡ್ ಗುರುತಿಸುವ ಸಹಾಯಕರಾಗಿ ಸೇರಿಕೊಳ್ಳಿ.