ಟೆಂಪ್ಲೇಟ್‌ನೊಳಗೆ ಟೆಂಪ್ಲೇಟ್: ವರ್ಡ್‌ಪ್ರೆಸ್‌ನಲ್ಲಿ ಪುಟವಿನ್ಯಾಸದ ಮರುಬಳಕೆ

ಪ್ರಶ್ನೆ: ನಮ್ಮದು ಶಿವಮೊಗ್ಗದ ಸಣ್ಣ ಪ್ರಕಾಶನ ಸಂಸ್ಥೆ. ನಮ್ಮ ಜಾಲತಾಣಕ್ಕೆ ವರ್ಡ್‌ಪ್ರೆಸ್‌ನ ಹಳೆಯ ಮಾದರಿಯ, ಪಿಎಚ್‌ಪಿ ಕಡತಗಳ ಥೀಮ್ ಬಳಸುತ್ತಿದ್ದೇವೆ. ಮುಖಪುಟ, ಪುಸ್ತಕಗಳ ಪಟ್ಟಿ, ಲೇಖಕರ ಪುಟ, ಹುಡುಕಾಟದ ಪುಟ ಎಲ್ಲದರಲ್ಲೂ ಪುಸ್ತಕದ ಮುಖಚಿತ್ರ, ಹೆಸರು, ಬೆಲೆ ಇರುವ ಚೌಕ ಬರುತ್ತದೆ. ಅದರ ಕೋಡ್ ಪ್ರತಿ ಟೆಂಪ್ಲೇಟ್‌ನಲ್ಲೂ, ಅಂದರೆ ಪುಟದ ವಿನ್ಯಾಸ ಹೇಳುವ ಪ್ರತಿ ಕಡತದಲ್ಲೂ, ಪ್ರತ್ಯೇಕವಾಗಿದೆ. ಅಂಚೆ ವೆಚ್ಚದ ಸೂಚನೆಯನ್ನೂ ಪ್ರತಿ ಪುಸ್ತಕದ ಪುಟಕ್ಕೆ ಕೈಯಾರೆ ಸೇರಿಸಿದ್ದೇವೆ. ಒಂದು ಟೆಂಪ್ಲೇಟ್‌ನೊಳಗೆ ಇನ್ನೊಂದನ್ನು ಇಡಬಹುದೇ? ಪುಟಗಳ ವಿನ್ಯಾಸವನ್ನೂ ಎಡಿಟರ್‌ನಲ್ಲೇ ಬ್ಲಾಕ್‌ಗಳಿಂದ ಜೋಡಿಸಬಹುದಾದ ಬ್ಲಾಕ್ ಥೀಮ್‌ಗೆ ಬದಲಾದರೆ ಈ ತೊಂದರೆ ತಪ್ಪುತ್ತದೆಯೇ?

ಉತ್ತರ: ಇಡಬಹುದು. ಆದರೆ ಕೋಡ್‌ಗೆ ಕೈ ಹಾಕುವ ಮೊದಲು, ನೋಡಲು ಒಂದೇ ರೀತಿ ಇರುವ ಭಾಗಗಳಲ್ಲಿ ನಿಜವಾಗಿ ಒಟ್ಟಿಗೆ ಬದಲಾಗಬೇಕಾದವು ಯಾವುವು ಎಂಬುದನ್ನು ನಿರ್ಧರಿಸಿಕೊಳ್ಳಿ. ಲೇಖಕರ ಪರಿಚಯದ ಚೌಕವೂ ಪುಸ್ತಕದ ಚೌಕವೂ ಇಂದು ಒಂದೇ ತರಹ ಕಾಣುತ್ತವೆ ಎಂಬ ಕಾರಣಕ್ಕೆ ಎರಡನ್ನೂ ಒಂದೇ ಕಡತಕ್ಕೆ ಸೇರಿಸಿದರೆ, ನಾಳೆ ಪುಸ್ತಕಕ್ಕೆ ರಿಯಾಯಿತಿ ದರ ತೋರಿಸಬೇಕಾದಾಗ ಆ ಕಡತ ಷರತ್ತುಗಳಿಂದ ತುಂಬಿ ಯಾರಿಗೂ ಅರ್ಥವಾಗದಂತಾಗುತ್ತದೆ.

ಪುಸ್ತಕದ ಚೌಕ ಮಾತ್ರ ಖಂಡಿತವಾಗಿ ಒಂದೇ ಕಡೆ ಇರಬೇಕಾದ ವಸ್ತು. ಅದಕ್ಕೆಂದೇ ವರ್ಡ್‌ಪ್ರೆಸ್ 2010ರ 3.0 ಆವೃತ್ತಿಯಿಂದ ‘ಗೆಟ್ ಟೆಂಪ್ಲೇಟ್ ಪಾರ್ಟ್’ ಎಂಬ ಫಂಕ್ಷನ್ ಒದಗಿಸಿದೆ. ಚೌಕದ ಕೋಡನ್ನು ‘ಕಾರ್ಡ್-ಪುಸ್ತಕ’ ಎಂಬ ಪ್ರತ್ಯೇಕ ಕಡತದಲ್ಲಿಟ್ಟು, ಈ ಫಂಕ್ಷನ್‌ಗೆ ಮೊದಲು ‘ಕಾರ್ಡ್’, ನಂತರ ‘ಪುಸ್ತಕ’ ಎಂದು ಕೊಟ್ಟರೆ, ಅದು ಆ ಕಡತವನ್ನು ಮೊದಲು ಚೈಲ್ಡ್ ಥೀಮ್‌ನಲ್ಲಿ (ಮೂಲ ಥೀಮ್‌ನ ಮೇಲೆ ನಿಮ್ಮ ಬದಲಾವಣೆಗಳನ್ನಷ್ಟೇ ಇಡುವ ಥೀಮ್), ಅಲ್ಲಿಲ್ಲದಿದ್ದರೆ ಪೇರೆಂಟ್ ಥೀಮ್‌ನಲ್ಲಿ, ಅಂದರೆ ಆ ಮೂಲ ಥೀಮ್‌ನಲ್ಲಿ, ಹುಡುಕುತ್ತದೆ. ಎರಡರಲ್ಲೂ ಸಿಗದಿದ್ದರೆ ಬರೀ ‘ಕಾರ್ಡ್’ ಎಂಬ ಸಾಮಾನ್ಯ ಕಡತವನ್ನು ಅದೇ ಕ್ರಮದಲ್ಲಿ ಹುಡುಕುತ್ತದೆ. ಅದೂ ಸಿಗದಿದ್ದರೆ ಪುಟದಲ್ಲಿ ಯಾವ ದೋಷಸಂದೇಶವೂ ಬರುವುದಿಲ್ಲ, ಆ ಜಾಗ ಖಾಲಿ ಉಳಿಯುತ್ತದೆ ಅಷ್ಟೇ. ಆದ್ದರಿಂದ ಕಡತಗಳ ಹೆಸರನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಇಡಿ. ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸವನ್ನು ವಿಂಡೋಸ್ ಸಾಮಾನ್ಯವಾಗಿ ಗಣಿಸುವುದಿಲ್ಲ, ಲಿನಕ್ಸ್ ಸರ್ವರ್ ಗಣಿಸುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ಕಂಡ ಚೌಕ ಜಾಲತಾಣದಲ್ಲಿ ಕಾಣದಿರುವುದಕ್ಕೆ ಇದೊಂದು ಸಾಮಾನ್ಯ ಕಾರಣ.

ಇನ್ನೊಂದು ತೊಡಕೂ ಉಂಟು. ಒಳಗಿನ ಕಡತವು ಒಂದು ಫಂಕ್ಷನ್‌ನ ಮೂಲಕ ತೆರೆದುಕೊಳ್ಳುವುದರಿಂದ, ಹೊರಗಿನ ಟೆಂಪ್ಲೇಟ್‌ನಲ್ಲಿ ನೀವು ಲೆಕ್ಕ ಹಾಕಿಟ್ಟ ಬೆಲೆ ಅದಕ್ಕೆ ಕಾಣುವುದಿಲ್ಲ. 2020ರಲ್ಲಿ ಬಂದ 5.5 ಆವೃತ್ತಿಯಿಂದ ಇಂತಹ ಮಾಹಿತಿಯನ್ನು ಅದೇ ಫಂಕ್ಷನ್‌ಗೆ ಮೂರನೆಯ ಆರ್ಗ್ಯುಮೆಂಟ್ ಆಗಿ, ಅಂದರೆ ‘ಕಾರ್ಡ್’, ‘ಪುಸ್ತಕ’ಗಳ ನಂತರ ಕೊಡುವ ಮೌಲ್ಯವಾಗಿ, ಕಳುಹಿಸಬಹುದು. ಮುಖಪುಟದಲ್ಲಿ ಬೆಲೆ ಬೇಡ, ಪಟ್ಟಿಯಲ್ಲಿ ಬೇಕು ಎಂಬಂತಹ ಸಣ್ಣ ವ್ಯತ್ಯಾಸಗಳಿಗೆ ಇದೇ ಸರಿಯಾದ ದಾರಿ. ಅದಕ್ಕಾಗಿ ಎರಡನೆಯ ಕಡತ ಮಾಡಬೇಡಿ.

ಚೌಕದೊಳಗೆ ಬೆಲೆಯ ಭಾಗವನ್ನು ಇನ್ನೊಂದು ಕಡತವಾಗಿಸಲು ಅಡ್ಡಿಯಿಲ್ಲ, ಏಕೆಂದರೆ ಒಂದೊಂದು ಪುಸ್ತಕದ ವಿವರಪುಟಕ್ಕೂ ಅದೇ ಭಾಗ ಬೇಕಾಗುತ್ತದೆ. ಆದರೆ ಅದಕ್ಕಿಂತ ಆಳಕ್ಕೆ ಹೋಗದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಒಂದು ಸಾಲು ಎಲ್ಲಿಂದ ಬಂತೆಂದು ತಿಳಿಯಲು ಕಡತದಿಂದ ಕಡತಕ್ಕೆ ಅಲೆಯಬೇಕಾದರೆ ಮರುಬಳಕೆಯಿಂದ ಉಳಿದ ಶ್ರಮ ಅಲ್ಲೇ ಕಳೆದುಹೋಗುತ್ತದೆ. ಜಾಲತಾಣ ಕಟ್ಟುವ ಇನ್ನೊಂದು ತಂತ್ರಾಂಶವಾದ ಡ್ರುಪಲ್‌ನಲ್ಲಿ 8ನೆಯ ಆವೃತ್ತಿಯಿಂದ ಬಳಕೆಯಲ್ಲಿರುವ ಟ್ವಿಗ್ ಎಂಬ ಟೆಂಪ್ಲೇಟ್ ಭಾಷೆಯಲ್ಲಿ ಒಂದು ಟೆಂಪ್ಲೇಟ್ ಇನ್ನೊಂದನ್ನು ವಿಸ್ತರಿಸಿ, ಬೇಕಾದ ತುಂಡನ್ನು ಮಾತ್ರ ಬದಲಿಸಬಹುದು. ವರ್ಡ್‌ಪ್ರೆಸ್ ಥೀಮ್‌ಗಳಲ್ಲಿ ಆ ವ್ಯವಸ್ಥೆ ಮೂಲತಃ ಇಲ್ಲ. ಇಲ್ಲಿ ತುಂಡುಗಳನ್ನು ಜೋಡಿಸಿಯೇ ಪುಟ ಕಟ್ಟಬೇಕು.

ಅಂಚೆ ವೆಚ್ಚದ ಸೂಚನೆ ಎಲ್ಲ ಪುಸ್ತಕಗಳಿಗೂ ಒಂದೇ ಆಗಿದ್ದರೆ ಅದರ ಜಾಗ ಪುಸ್ತಕದ ಟೆಂಪ್ಲೇಟ್. ಕೆಲವು ಪುಸ್ತಕಗಳಿಗೆ ಮಾತ್ರ ಬೇಕಿದ್ದು, ನೀವು ಬ್ಲಾಕ್ ಎಡಿಟರ್ ಬಳಸುತ್ತಿದ್ದರೆ, ಅದನ್ನು ಸಿಂಕ್ ಆಗುವ ಪ್ಯಾಟರ್ನ್ (ಹಲವು ಪುಟಗಳಲ್ಲಿ ಬಳಸಬಹುದಾದ ಬ್ಲಾಕ್‌ಗಳ ಗುಂಪು) ಆಗಿ ಉಳಿಸಿ. ಮೊದಲು ‘ರೀಯೂಸಬಲ್ ಬ್ಲಾಕ್’ ಎನ್ನುತ್ತಿದ್ದುದಕ್ಕೆ 2023ರ 6.3 ಆವೃತ್ತಿಯಿಂದ ಇದೇ ಹೆಸರು. ಒಂದು ಕಡೆ ದರ ತಿದ್ದಿದರೆ ಬಳಸಿದ ಎಲ್ಲ ಪುಟಗಳಲ್ಲೂ ಬದಲಾಗುತ್ತದೆ, ಕಚೇರಿಯವರು ಕೋಡ್ ಮುಟ್ಟಬೇಕಾಗಿಲ್ಲ. ಉಳಿಸುವಾಗ ಸಿಂಕ್ ಆಯ್ಕೆಯನ್ನು ತೆಗೆದುಬಿಟ್ಟರೆ ಮಾತ್ರ ಅದು ಬರೀ ನಕಲಾಗಿ ಪುಟಕ್ಕೆ ಸೇರುತ್ತದೆ, ಆಮೇಲೆ ತಿದ್ದಿದ್ದು ಹಳೆಯ ಪುಟಗಳಿಗೆ ತಲುಪುವುದಿಲ್ಲ. ಈಗಾಗಲೇ ಕೈಯಾರೆ ಸೇರಿಸಿದ ಸೂಚನೆಗಳನ್ನು ಒಮ್ಮೆ ತೆಗೆದುಹಾಕಲೇಬೇಕು.

ಬ್ಲಾಕ್ ಥೀಮ್‌ನಿಂದ ತೊಂದರೆ ತಾನಾಗಿ ತಪ್ಪುವುದಿಲ್ಲ. ಅಲ್ಲಿಯೂ ಟೆಂಪ್ಲೇಟ್, ಟೆಂಪ್ಲೇಟ್ ಪಾರ್ಟ್, ಪ್ಯಾಟರ್ನ್ ಎಂಬ ವಿಂಗಡಣೆಯನ್ನು ನೀವೇ ಮಾಡಬೇಕು. ಹೊಸತಾಗಿ ಎದುರಾಗುವುದು ಬೇರೊಂದು ಗೊಂದಲ: ಇಡೀ ಜಾಲತಾಣದ ವಿನ್ಯಾಸ ತಿದ್ದುವ ಸೈಟ್ ಎಡಿಟರ್‌ನಲ್ಲಿ ಫುಟರನ್ನು (ಪುಟದ ಅಡಿಭಾಗವನ್ನು) ಒಮ್ಮೆ ತಿದ್ದಿ ಉಳಿಸಿದರೆ ಆ ತಿದ್ದುಪಡಿ ಡೇಟಾಬೇಸ್‌ನಲ್ಲಿ ಕುಳಿತು ಥೀಮ್‌ನ ಕಡತವನ್ನು ಬದಿಗೊತ್ತುತ್ತದೆ. ಬಳಿಕ ನಿಮ್ಮ ತಂತ್ರಜ್ಞರು ಕಡತದಲ್ಲಿ ವಿಳಾಸ ಬದಲಿಸಿ ಸರ್ವರ್‌ಗೆ ಹಾಕಿದರೂ ಜಾಲತಾಣ ಹಳೆಯ ವಿಳಾಸವನ್ನೇ ತೋರಿಸುತ್ತದೆ, ಎಲ್ಲರೂ ಕ್ಯಾಶೆಯನ್ನು, ಅಂದರೆ ತಾತ್ಕಾಲಿಕವಾಗಿ ಉಳಿಸಿಟ್ಟ ಹಳೆಯ ಪ್ರತಿಯನ್ನು, ದೂರುತ್ತಾರೆ. ಎಡಿಟರ್‌ನಲ್ಲಿ ಆ ಭಾಗವನ್ನು ರೀಸೆಟ್ ಮಾಡಿದಾಗ ಕಡತ ಮತ್ತೆ ಜಾರಿಗೆ ಬರುತ್ತದೆ, ಆದರೆ ಎಡಿಟರ್‌ನಲ್ಲಿ ಮಾಡಿದ ತಿದ್ದುಪಡಿಗಳು ಹೋಗುತ್ತವೆ. ಆದ್ದರಿಂದ ಬದಲಾಗುವುದಾದರೆ, ತಿದ್ದುವ ಜಾಗ ಕಡತವೋ ಎಡಿಟರೋ ಎಂಬುದನ್ನು ಮೊದಲೇ ತೀರ್ಮಾನಿಸಿ. ಎರಡೂ ಬೇಕೇ ಬೇಕೆಂದಾದರೆ, ಎಡಿಟರ್‌ನ ತಿದ್ದುಪಡಿಗಳನ್ನು ಥೀಮ್‌ನ ಕಡತಗಳಿಗೆ ಬರೆದುಕೊಡುವ ‘ಕ್ರಿಯೇಟ್ ಬ್ಲಾಕ್ ಥೀಮ್’ ಪ್ಲಗಿನ್ನನ್ನು ಪರೀಕ್ಷಾ ಪ್ರತಿಯೊಂದರಲ್ಲಿ ಬಳಸಿ, ಅಲ್ಲಿಂದ ಕಡತಗಳನ್ನು ಜಾಲತಾಣಕ್ಕೆ ತನ್ನಿ.