ದೋಸೆಯ ಬೆಣ್ಣೆ ಲಿವರ್‌ಗೆ ಮೊದಲು ಹೋಗುತ್ತದೆಯೇ?

ಅನಾಟಮಿ, ಫಿಸಿಯಾಲಜಿ ಓದುತ್ತಿರುವವರು ಮತ್ತು ಅವರ ಮನೆಯವರು ಕೇಳಿದ ಪ್ರಶ್ನೆಗಳಿಗೆ ದಾವಣಗೆರೆಯ ಶರೀರಕ್ರಿಯಾಶಾಸ್ತ್ರ ಅಧ್ಯಾಪಕರೊಬ್ಬರ ಉತ್ತರ

ಪ್ರಶ್ನೆ: ನಾನು ಚಳ್ಳಕೆರೆ ಕಡೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ದಾವಣಗೆರೆಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಮೊದಲ ಸೆಮಿಸ್ಟರ್. ದೇಹದ ಹನ್ನೊಂದು ಸಿಸ್ಟಂ ಓದಬೇಕು. ಮೂಳೆ ಮುಗಿಸಿ ಸ್ನಾಯುವಿಗೆ ಬರುವಷ್ಟರಲ್ಲಿ ಮೂಳೆ ಮರೆತಿರುತ್ತದೆ, ಜೀರ್ಣಾಂಗಕ್ಕೆ ಬಂದಾಗ ಹೃದಯ ಮರೆತಿರುತ್ತದೆ. ಬಾಯಿಪಾಠ ಮಾಡಿ ಮಾಡಿ ಸಾಕಾಗಿದೆ. ಏನು ಮಾಡಲಿ?

ಉತ್ತರ: ಹನ್ನೊಂದು ಅನ್ನುವುದು ಪುಸ್ತಕ ಬರೆದವರ ಅನುಕೂಲದ ಲೆಕ್ಕ. ದುಗ್ಧರಸ (ಲಿಂಫ್) ಮತ್ತು ರೋಗನಿರೋಧಕ ವ್ಯವಸ್ಥೆಯನ್ನು ಕೆಲವರು ಒಂದೇ ಅಧ್ಯಾಯಕ್ಕೆ ಸೇರಿಸುತ್ತಾರೆ, ಕೆಲವರು ಬೇರೆ ಮಾಡುತ್ತಾರೆ. ದೇಹಕ್ಕೆ ಈ ಗೆರೆಗಳ ಹಂಗಿಲ್ಲ. ಪ್ಯಾಂಕ್ರಿಯಾಸ್ ಜೀರ್ಣರಸವನ್ನೂ ಸುರಿಸುತ್ತದೆ, ಇನ್ಸುಲಿನ್ನನ್ನೂ ರಕ್ತಕ್ಕೆ ಬಿಡುತ್ತದೆ. ಮೂತ್ರ ಮಾಡುವ ಕಿಡ್ನಿಯೇ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನ್ ಕಳಿಸಿ ಕೆಂಪು ರಕ್ತಕಣ ತಯಾರಿಸು ಎಂದು ಮೂಳೆಮಜ್ಜೆಗೆ ಹೇಳುತ್ತದೆ. ಅಧ್ಯಾಯ ಅಧ್ಯಾಯವಾಗಿ ಓದಿದರೆ ಈ ಕೊಂಡಿಗಳೇ ಕಳಚಿಹೋಗುತ್ತವೆ. ಕೊಂಡಿ ಇಲ್ಲದ ಹೆಸರು ತಲೆಯಲ್ಲಿ ನಿಲ್ಲುವುದಿಲ್ಲ.

ಹಾಗಾಗಿ ಪ್ರತಿ ಸಿಸ್ಟಂ ಒಮ್ಮೆ ಓದಿದ ಮೇಲೆ ಯಾವುದಾದರೂ ಒಂದು ವಸ್ತುವನ್ನು ಹಿಡಿದು, ಅದು ದೇಹದಲ್ಲಿ ಹೋದಲ್ಲೆಲ್ಲ ಹಿಂದೆಯೇ ಹೋಗಿ. ದಾವಣಗೆರೆಯಲ್ಲೇ ಇದ್ದೀರಿ, ಬೆಣ್ಣೆ ದೋಸೆಯಿಂದಲೇ ಶುರು ಮಾಡೋಣ.

ದೋಸೆಯಲ್ಲಿ ಮುಖ್ಯವಾಗಿ ಇರುವುದು ಪಿಷ್ಟ, ಮೇಲೆ ಧಾರಾಳವಾಗಿ ಕೊಬ್ಬು. ಪಿಷ್ಟವನ್ನು ಒಡೆಯುವ ಕೆಲಸ ಬಾಯಲ್ಲೇ ಲಾಲಾರಸದ ಅಮೈಲೇಸ್ ಎಂಬ ಕಿಣ್ವದಿಂದ ಶುರುವಾಗುತ್ತದೆ. ಜಠರದ ಆಮ್ಲ ತಾಗಿದಾಗ ಅದು ನಿಲ್ಲುತ್ತದೆ. ಬೆಣ್ಣೆ ಸಣ್ಣ ಕರುಳಿನ ಮೊದಲ ಭಾಗವಾದ ಡುಯೋಡಿನಂ ತಲುಪಿದ ಕೂಡಲೇ ಅದರ ಗೋಡೆಯ ಕೋಶಗಳು ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅದು ರಕ್ತದಲ್ಲಿ ಒಂದು ಸುತ್ತು ಬಂದು ಪಿತ್ತಕೋಶವನ್ನು ಹಿಂಡಿಸುತ್ತದೆ, ಪ್ಯಾಂಕ್ರಿಯಾಸ್‌ನಿಂದ ಕಿಣ್ವ ಸುರಿಸುತ್ತದೆ, ಜಠರ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಬೆಳಿಗ್ಗೆ ಬೆಣ್ಣೆ ದೋಸೆ ತಿಂದವರಿಗೆ ಮಧ್ಯಾಹ್ನದವರೆಗೆ ಹಸಿವಾಗದಿರುವುದಕ್ಕೆ ಇದೂ ಒಂದು ಕಾರಣ. ನೋಡಿ, ಒಂದು ತುತ್ತಿನ ಹಿಂದೆ ಹೋಗಿದ್ದಕ್ಕೇ ಜೀರ್ಣಾಂಗ, ಹಾರ್ಮೋನ್, ರಕ್ತಪರಿಚಲನೆ, ನಯವಾದ ಸ್ನಾಯು ಎಲ್ಲವೂ ಬಂದವು.

ಸಣ್ಣ ಕರುಳಲ್ಲಿ ದಾರಿ ಕವಲೊಡೆಯುತ್ತದೆ. ವಿದ್ಯಾರ್ಥಿಗಳು ಎಡವುವುದೂ ಇಲ್ಲೇ. ಪಿಷ್ಟ ಗ್ಲೂಕೋಸ್ ಆಗಿ, ಕರುಳಿನ ಒಳಗೋಡೆಯ ಬೆರಳಿನಂಥ ಚಾಚು ವಿಲ್ಲಸ್‌ನೊಳಗಿನ ಲೋಮನಾಳ (ಅತಿ ಸಣ್ಣ ರಕ್ತನಾಳ) ಸೇರಿ, ಪೋರ್ಟಲ್ ಸಿರೆಯಲ್ಲಿ ನೇರ ಲಿವರ್‌ಗೆ ಹೋಗುತ್ತದೆ. ಬೆಣ್ಣೆ ಹಾಗಲ್ಲ. ಪಿತ್ತರಸ ಅದನ್ನು ಸಣ್ಣ ಸಣ್ಣ ಹನಿಯಾಗಿಸುತ್ತದೆ, ಲೈಪೇಸ್ ಕಿಣ್ವ ಒಡೆಯುತ್ತದೆ, ಕರುಳಿನ ಕೋಶದೊಳಗೆ ಹೋದ ಮೇಲೆ ಮತ್ತೆ ಜೋಡಣೆಯಾಗಿ ಕೈಲೋಮೈಕ್ರಾನ್ ಎಂಬ ಉಂಡೆಯಾಗುತ್ತದೆ. ಆ ಉಂಡೆ ಲೋಮನಾಳದ ಗೋಡೆಯಲ್ಲಿ ತೂರುವುದಿಲ್ಲ. ಪಕ್ಕದ ದುಗ್ಧನಾಳ ಹಿಡಿಯುತ್ತದೆ. ಬೆನ್ನುಮೂಳೆಯ ಮುಂದೆ ಮೇಲೇರುವ ದೊಡ್ಡ ದುಗ್ಧನಾಳ ಥೊರಾಸಿಕ್ ಡಕ್ಟ್‌ನಲ್ಲಿ ಸಾಗಿ, ಕುತ್ತಿಗೆಯ ಬುಡದಲ್ಲಿ ಎಡ ಸಬ್‌ಕ್ಲೇವಿಯನ್ ಸಿರೆ ಮತ್ತು ಎಡ ಇಂಟರ್ನಲ್ ಜುಗುಲರ್ ಸಿರೆ ಕೂಡುವ ಜಾಗದಲ್ಲಿ ರಕ್ತಕ್ಕೆ ಇಳಿಯುತ್ತದೆ. ಊರೊಳಗೆ ಬರದೆ ಬೈಪಾಸ್ ಹಿಡಿದ ಬಸ್ಸಿನ ಹಾಗೆ, ಲಿವರ್ ಬಿಟ್ಟು ಮೊದಲು ಹೃದಯದ ಬಲಭಾಗಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ. ಬೆಣ್ಣೆಯಲ್ಲಿರುವ ಬ್ಯುಟಿರಿಕ್ ಆಮ್ಲದಂಥ ಚಿಕ್ಕ ಸರಪಳಿಯ ಕೊಬ್ಬಿನಾಮ್ಲಗಳು ಮಾತ್ರ ಪೋರ್ಟಲ್ ಸಿರೆಯಲ್ಲೇ ಹೋಗುತ್ತವೆ. ವೈವಾದಲ್ಲಿ ಇದನ್ನು ಹೇಳಿದರೆ ಪರೀಕ್ಷಕರು ತಲೆ ಎತ್ತಿ ನೋಡುತ್ತಾರೆ.

ಇದು ಬರೀ ಪುಸ್ತಕದ ಮಾತಲ್ಲ. ಜಿಡ್ಡಿನ ಊಟವಾಗಿ ಎರಡು ಮೂರು ಗಂಟೆಗೆ ತೆಗೆದ ರಕ್ತದ ಸೀರಂ ಹಾಲು ಬೆರೆಸಿದಂತೆ ಮಸುಕಾಗಿರುವುದನ್ನು ಲ್ಯಾಬ್‌ನಲ್ಲಿ ನೋಡುತ್ತೀರಿ. ಆ ಬಿಳುಪು ಕೈಲೋಮೈಕ್ರಾನ್‌ಗಳದ್ದೇ.

ಅತ್ತ ಗ್ಲೂಕೋಸ್ ಹಿಂದೆ ಹೋದರೆ ಇನ್ಸುಲಿನ್ ಸಿಗುತ್ತದೆ, ಸ್ನಾಯು ಸಿಗುತ್ತದೆ, ಕೊನೆಗೆ ಕಿಡ್ನಿ. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ, ಅದರಲ್ಲಿದ್ದ ಗ್ಲೂಕೋಸನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಹೀರಿಕೊಳ್ಳುತ್ತವೆ. ರಕ್ತದ ಸಕ್ಕರೆ ಡೆಸಿಲೀಟರ್‌ಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಹೀರುವ ಶಕ್ತಿ ಸಾಲದೆ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳುತ್ತದೆ. ಎರಡೂ ಕಡೆ 180 ಬಂದಿದ್ದು ಕಾಕತಾಳೀಯ. ನೆನಪಿಟ್ಟುಕೊಳ್ಳಲು ಅನುಕೂಲ, ಮಾನ ಮಾತ್ರ ಅದಲುಬದಲು ಮಾಡಬೇಡಿ.

ಪುಸ್ತಕ ಮುಚ್ಚಿ ಈ ದಾರಿಯನ್ನು ಖಾಲಿ ಹಾಳೆಯಲ್ಲಿ ಬರೆಯಿರಿ. ಪ್ರತಿ ನಿಲ್ದಾಣದಲ್ಲಿ ಯಾವ ಅಂಗ, ಯಾವ ರಕ್ತನಾಳ, ಯಾವ ನರ, ಯಾವ ಹಾರ್ಮೋನ್ ಎಂದು ತುಂಬಿಸಿ. ತಡವರಿಸಿದ ಕಡೆ ಮಾತ್ರ ಪುಸ್ತಕ ತೆಗೆಯಿರಿ. ಹೆಸರು ಇಂಗ್ಲಿಷಿನಲ್ಲಿರಲಿ, ಪರೀಕ್ಷೆಗೆ ಅದೇ ಬೇಕು. ಹೇಗೆ, ಯಾಕೆ ಎಂಬ ಚರ್ಚೆ ಗೆಳತಿಯರ ಜೊತೆ ಕನ್ನಡದಲ್ಲೇ ನಡೆಯಲಿ. ಮುಂದೆ ಆಕ್ಸಿಜನ್, ಕ್ಯಾಲ್ಸಿಯಂ, ಒಂದು ಲೋಟ ನೀರು ಹೀಗೆ ಒಂದೊಂದರ ಹಿಂದೆ ಹೋಗಿ. ಚಿತ್ರದುರ್ಗದ ಕೋಟೆ ಹತ್ತುವಾಗ ಏದುಸಿರು ಬರುವುದು ಆಕ್ಸಿಜನ್ ತೀರಿಹೋಗಿ ಎಂದುಕೊಂಡಿದ್ದರೆ ಅದನ್ನೂ ಹುಡುಕಿ ನೋಡಿ. ಆರೋಗ್ಯವಂತರಲ್ಲಿ ಆಗ ಅಪಧಮನಿಯ ಆಕ್ಸಿಜನ್ ಇಳಿಯುವುದೇ ಅಪರೂಪ.

ಬಾಯಿಪಾಠ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. 206 ಮೂಳೆಗಳ ವಿಷಯದಲ್ಲಿ ಅದು ತಪ್ಪಿದ್ದಲ್ಲ. ಆದರೆ ಮೂಳೆಯನ್ನು ಚಿತ್ರದಲ್ಲಿ ಓದಬೇಡಿ, ಕೈಯಲ್ಲಿ ಹಿಡಿದು ಓದಿ. ಫೀಮರ್ ತೆಗೆದುಕೊಳ್ಳಿ: ದುಂಡು ತಲೆ ಮೇಲೆ, ಒಳಬದಿಗೆ ಮುಖ ಮಾಡಿರಲಿ. ಕಾಂಡದ ಮೇಲೆ ಬೆರಳಾಡಿಸಿದರೆ ಸಿಗುವ ಒರಟು ಏಣು, ಲೀನಿಯಾ ಆಸ್ಪೆರಾ, ಹಿಂದಕ್ಕಿರಲಿ. ಹೀಗೆ ಹಿಡಿದು ನಿಮ್ಮದೇ ತೊಡೆಯ ಪಕ್ಕ ಇಟ್ಟರೆ ಅದು ಎಡದ್ದೋ ಬಲದ್ದೋ ತಾನಾಗಿ ತಿಳಿಯುತ್ತದೆ. ಆ ಏಣಿಗೆ ಯಾವ ಸ್ನಾಯು ಅಂಟಿಕೊಂಡಿದೆ ಎಂದು ಅಲ್ಲೇ ಕೇಳಿಕೊಂಡರೆ ಮುಂದಿನ ಅಧ್ಯಾಯ ಅರ್ಧ ಮುಗಿದಂತೆ.

ಪ್ರಶ್ನೆ: ಹರಿಹರದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಚಿತ್ರದಲ್ಲಿ ಹೃದಯದ ಬಲ ಹೃತ್ಕರ್ಣ ಎಡಗಡೆ ಇದೆ. ಅಚ್ಚಿನ ತಪ್ಪೇ? ಅಶುದ್ಧ ರಕ್ತ ನಿಜವಾಗಿ ನೀಲಿಯೇ?

ಉತ್ತರ: ತಪ್ಪಲ್ಲ. ಚಿತ್ರದ ಮನುಷ್ಯ ನಿಮ್ಮ ಎದುರು ನಿಂತಿದ್ದಾನೆ, ಅವನ ಬಲ ನಿಮ್ಮ ಎಡಕ್ಕೆ ಬರುತ್ತದೆ. ಅನಾಟಮಿಯಲ್ಲಿ ಎಡಬಲ ಯಾವಾಗಲೂ ಆ ದೇಹದ್ದು, ನೋಡುವವರದ್ದಲ್ಲ.

ನೀಲಿ ಬಣ್ಣ ಅಚ್ಚಿನ ಸಂಪ್ರದಾಯ. ಆಕ್ಸಿಜನ್ ಕಡಿಮೆಯಾದ ರಕ್ತ ಕಡುಗೆಂಪಾಗಿರುತ್ತದೆ. ‘ಅಶುದ್ಧ’ ಎಂದು ಬರೆಯುವುದನ್ನೂ ಬಿಡಿ. ಶ್ವಾಸಕೋಶಕ್ಕೆ ಹೋಗುವ ಪಲ್ಮನರಿ ಅಪಧಮನಿಯನ್ನು ನೀಲಿಯಲ್ಲೂ, ಮರಳುವ ಪಲ್ಮನರಿ ಸಿರೆಯನ್ನು ಕೆಂಪಲ್ಲೂ ತೋರಿಸುತ್ತಾರೆ. ಹೃದಯದಿಂದ ಹೊರಡುವುದು ಅಪಧಮನಿ, ಹೃದಯಕ್ಕೆ ಬರುವುದು ಸಿರೆ. ಒಳಗಿನ ರಕ್ತ ಎಂಥದ್ದು ಎಂಬುದರ ಮೇಲೆ ಹೆಸರಿಲ್ಲ.

ಪ್ರಶ್ನೆ: ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಿಕ್ಷಕಿ. ಮಕ್ಕಳ ಹಲ್ಲಿನ ಕಂದು ಕಲೆಗೆ ಬೋರ್‌ವೆಲ್ ನೀರಿನ ಫ್ಲೋರೈಡ್ ಕಾರಣ, ಮೂಳೆಗೂ ಕೆಡುಕು ಅನ್ನುತ್ತಾರೆ. ಮೂಳೆ ಕಲ್ಲಿನಂಥದ್ದಲ್ಲವೇ, ನೀರು ಅದನ್ನೇನು ಮಾಡೀತು? ಕುದಿಸಿ ಕುಡಿದರೆ ಸಾಕೇ?

ಉತ್ತರ: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಸ್ವಲ್ಪ ಹೆಚ್ಚೇ ಆಗುತ್ತದೆ. ಇದನ್ನು ಮೊದಲು ಮಕ್ಕಳ ಮನೆಗಳಿಗೆ ತಿಳಿಸಿ.

ಇನ್ನು ಮೂಳೆ. ಶಾಲೆಯ ಅಸ್ಥಿಪಂಜರ ನೋಡಿ ನೋಡಿ ಅದು ಸತ್ತ ವಸ್ತು ಅನ್ನಿಸಿಬಿಟ್ಟಿದೆ. ಜೀವಂತ ಮೂಳೆಯಲ್ಲಿ ರಕ್ತ ಹರಿಯುತ್ತದೆ, ನರಗಳಿವೆ. ಆಸ್ಟಿಯೊಕ್ಲಾಸ್ಟ್ ಕೋಶಗಳು ಹಳೆಯದನ್ನು ಕರಗಿಸುತ್ತಿದ್ದರೆ ಆಸ್ಟಿಯೊಬ್ಲಾಸ್ಟ್‌ಗಳು ಹೊಸದನ್ನು ಕಟ್ಟುತ್ತಿರುತ್ತವೆ. ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಶೇ 10ರಷ್ಟು ಮೂಳೆ ಹೀಗೆ ಹೊಸತಾಗುತ್ತದೆ. ದೇಹದ ಕ್ಯಾಲ್ಸಿಯಂನಲ್ಲಿ ಶೇ 99 ಇಲ್ಲೇ ಇದೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನ್ ಇದರಿಂದಲೇ ತೆಗೆಸುತ್ತದೆ.

ಹೀಗೆ ಸದಾ ಕಟ್ಟುತ್ತಿರುವಾಗ ನೀರಿನಲ್ಲಿ ಬಂದ ಫ್ಲೋರೈಡ್ ಮೂಳೆಯ ಹೈಡ್ರಾಕ್ಸಿಅಪಟೈಟ್ ಹರಳಿನಲ್ಲಿ ಹೈಡ್ರಾಕ್ಸಿಲ್‌ನ ಜಾಗಕ್ಕೆ ಬಂದು ಕೂರುತ್ತದೆ. ವರ್ಷಗಟ್ಟಲೆ ಅತಿಯಾಗಿ ಸೇರಿದರೆ ಮೂಳೆ ಎಕ್ಸ್‌ರೇಯಲ್ಲಿ ದಟ್ಟವಾಗಿ ಕಂಡರೂ ಒಳಗೆ ಪೆಡಸಾಗಿರುತ್ತದೆ, ಕೀಲುಗಳ ಸುತ್ತಲಿನ ಕಟ್ಟುಗಳು ಬಿರುಸಾಗುತ್ತವೆ, ಬೆನ್ನು ಬಗ್ಗದಾಗುತ್ತದೆ. ಕಿಡ್ನಿ ಒಂದಷ್ಟನ್ನು ಹೊರಹಾಕುತ್ತದೆ, ಆದರೆ ಬೆಳೆಯುವ ಮಕ್ಕಳ ಮೂಳೆ ದೊಡ್ಡವರಿಗಿಂತ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ.

ಹಲ್ಲಿನ ಕತೆ ಬೇರೆ. ಎನಾಮೆಲ್ ಕಟ್ಟುವ ಕೋಶಗಳು ಹಲ್ಲು ಮೂಡುವ ಹೊತ್ತಿಗೆ ಇಲ್ಲವಾಗುತ್ತವೆ. ಆದ್ದರಿಂದ ಹಲ್ಲು ರೂಪುಗೊಳ್ಳುವ ಸುಮಾರು ಎಂಟು ವರ್ಷದೊಳಗೆ ಆದ ಕಲೆ ತಾನಾಗಿ ಹೋಗುವುದಿಲ್ಲ, ಆಮೇಲೆ ಹೊಸದಾಗಿ ಬರುವುದೂ ಇಲ್ಲ. ಹಾಗೆಂದು ಎಲ್ಲ ಕಂದು ಕಲೆಯೂ ಫ್ಲೋರೈಡಿನದ್ದಲ್ಲ, ದಂತವೈದ್ಯರು ನೋಡಿ ಹೇಳಬೇಕು.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ನೀರು ಪರೀಕ್ಷೆ ಮಾಡಿಸಿ. ಮಾಮೂಲಿ ಕ್ಯಾಂಡಲ್ ಫಿಲ್ಟರ್‌ನಿಂದ ಉಪಯೋಗವಿಲ್ಲ, ಆರ್‌ಒ ಘಟಕದ ನೀರಾಗುತ್ತದೆ, ಶುದ್ಧವಾಗಿ ಹಿಡಿದಿಟ್ಟ ಮಳೆನೀರೂ ಆಗುತ್ತದೆ. ಹಾಲು, ರಾಗಿಯಂಥ ಕ್ಯಾಲ್ಸಿಯಂ ಇರುವ ಆಹಾರ ಕರುಳಿನಲ್ಲಿ ಫ್ಲೋರೈಡ್ ಹೀರಿಕೆಯನ್ನು ಕಡಿಮೆ ಮಾಡುತ್ತದೆ.

ಪ್ರಶ್ನೆ: ಚಿತ್ರದುರ್ಗದವನು. ಮಗಳು ಈ ವರ್ಷ ಎಂಬಿಬಿಎಸ್ ಸೇರಿದ್ದಾಳೆ. ಡಿಸೆಕ್ಷನ್ ಹಾಲ್‌ನಲ್ಲಿ ತಲೆ ಸುತ್ತಿ ಬಿದ್ದಳಂತೆ, ಓದೇ ಬಿಡುತ್ತೇನೆ ಎನ್ನುತ್ತಾಳೆ. ಇದರ ನಡುವೆ ನಮ್ಮ ತಂದೆ ದೇಹದಾನ ಮಾಡಬೇಕೆನ್ನುತ್ತಿದ್ದಾರೆ. ಹೇಗೆ?

ಉತ್ತರ: ಮಗಳಿಗೆ ಆದದ್ದು ಹೇಡಿತನವಲ್ಲ, ಫಿಸಿಯಾಲಜಿ. ಅಂಥ ದೃಶ್ಯ ಕಂಡಾಗ ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಹೃದಯವನ್ನು ನಿಧಾನಿಸುತ್ತದೆ, ರಕ್ತನಾಳಗಳು ಸಡಿಲಾಗಿ ರಕ್ತ ಕಾಲಲ್ಲಿ ನಿಲ್ಲುತ್ತದೆ, ಮಿದುಳಿಗೆ ಅರೆಕ್ಷಣ ಸಾಲದಾಗುತ್ತದೆ. ಮಲಗಿಸಿದರೆ ಸಾಮಾನ್ಯವಾಗಿ ಬೇಗ ಸರಿಹೋಗುತ್ತದೆ. ತಿಂಡಿ ತಿಂದು ಹೋಗಲಿ. ಮೇಜಿನ ಬಳಿ ಅಲ್ಲಾಡದೆ ನಿಲ್ಲದೆ ಆಗಾಗ ಹಿಮ್ಮಡಿ ಎತ್ತಿ ಇಳಿಸಲಿ, ಮೀನಖಂಡದ ಸ್ನಾಯು ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ರೂಢಿಯಾಗುತ್ತದೆ. ಹಾಲ್‌ನ ಹೊರಗೂ ಪದೇ ಪದೇ ಹೀಗಾದರೆ ಮಾತ್ರ ವೈದ್ಯರಿಗೆ ತೋರಿಸಿ.

ನಿಮ್ಮ ತಂದೆ ಹತ್ತಿರದ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಅರ್ಜಿ ತುಂಬಬಹುದು. ಚಿತ್ರದುರ್ಗದಲ್ಲೂ ದಾವಣಗೆರೆಯಲ್ಲೂ ಕಾಲೇಜುಗಳಿವೆ. ಆದರೆ ಅರ್ಜಿಯೊಂದೇ ಸಾಲದು. ಸಾವಿನ ನಂತರ ಸುದ್ದಿ ತಿಳಿಸಿ ದೇಹ ಒಪ್ಪಿಸಬೇಕಾದವರು ನೀವು. ಒಬ್ಬ ಮಗ ಒಪ್ಪಿ ಇನ್ನೊಬ್ಬ ಬೇಡವೆಂದರೆ ಅಲ್ಲಿಗೇ ನಿಲ್ಲುತ್ತದೆ, ಹಾಗಾಗಿ ಮನೆಯವರೆಲ್ಲ ಕೂತು ಈಗಲೇ ಮಾತಾಡಿಕೊಳ್ಳಿ. ಮರಣೋತ್ತರ ಪರೀಕ್ಷೆಯಾದ ದೇಹವನ್ನೂ ಕೆಲವು ಸೋಂಕುಗಳಿದ್ದ ದೇಹವನ್ನೂ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಣ್ಣು ದಾನ ಮಾಡಿದರೆ ದೇಹದಾನಕ್ಕೆ ಅಡ್ಡಿಯಿಲ್ಲ, ಆದರೆ ಕಾರ್ನಿಯಾವನ್ನು (ಕಣ್ಣಿನ ಮುಂದಿನ ಪಾರದರ್ಶಕ ಪೊರೆ) ಸುಮಾರು ಆರು ಗಂಟೆಯೊಳಗೆ ತೆಗೆಯಬೇಕಾಗುತ್ತದೆ, ಆದ್ದರಿಂದ ಮೊದಲ ಫೋನ್ ನೇತ್ರ ಬ್ಯಾಂಕಿಗೆ, ಎರಡನೆಯದು ಕಾಲೇಜಿಗೆ.